ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ: ಹೆದ್ದಾರಿಯಲ್ಲಿ ಪಿಕಪ್ ಮೈಲೇಜಿನ ಲೆಕ್ಕ

ಹೊರಡುವ ಹಿಂದಿನ ಸಂಜೆ

ಗಾಡಿ ನಾಲ್ಕು ಬಾಗಿಲಿನ ಡೀಸೆಲ್ ಪಿಕಪ್. ಆರು ಗೇರಿನ ಆಟೊಮ್ಯಾಟಿಕ್, 80 ಲೀಟರ್ ಟ್ಯಾಂಕ್, ಜನ ಮತ್ತು ಸಾಮಾನು ಸೇರಿ ತೂಕ 2,200 ಕಿಲೊ. ದಾರಿಯಲ್ಲಿ ಮೊದಲು ಬಯಲು, ಆಮೇಲೆ ಮರಗಿಡವಿಲ್ಲದ ಗಾಳಿ ಸೀಮೆ, ಅದರಾಚೆ ಘಾಟಿ. ವಾಪಸು ಬರುವಾಗ ಹಿಂದೆ ಒಂದು ಟ್ರೇಲರ್. ಇಂಥ ಪ್ರಯಾಣದಲ್ಲಿ ಮೈಲೇಜ್ ದಿನದಿನಕ್ಕೂ ಬದಲಾಗುತ್ತದೆ, ಪ್ರತಿ ಬದಲಾವಣೆಗೂ ಕಾರಣವಿರುತ್ತದೆ. ಆ ಕಾರಣ ಕೈಗೆ ಸಿಗಬೇಕಾದರೆ ಹೊರಡುವ ಮುಂಚೆಯೇ ಒಂದಿಷ್ಟು ಕೆಲಸ ಮುಗಿಸಿಕೊಳ್ಳಬೇಕು.

ಮೊದಲು ಟೈರಿನ ಗಾಳಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಎಷ್ಟೋ ಪಿಕಪ್‌ಗಳಲ್ಲಿ ಅದರಲ್ಲಿ ಎರಡು ಸಾಲು: ಖಾಲಿ ಗಾಡಿಗೆ ಒಂದು, ಪೂರ್ತಿ ಲೋಡಿಗೆ ಇನ್ನೊಂದು. ಬೆಡ್‌ನಲ್ಲಿ (ಹಿಂದಿನ ತೆರೆದ ತೊಟ್ಟಿಯಲ್ಲಿ) ಸಾಮಾನು ತುಂಬಿದ ಮೇಲೂ ಖಾಲಿ ಗಾಡಿಯ ಅಂಕಿಯಲ್ಲೇ ಓಡಿಸಿದರೆ ಹಿಂದಿನ ಟೈರುಗಳ ಪಕ್ಕೆ ಮಡಚಿ ಬಿಸಿಯಾಗುತ್ತವೆ. ಆ ಬಿಸಿ ನಿಮ್ಮ ಡೀಸೆಲ್‌ನಿಂದಲೇ ಬಂದದ್ದು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ನಾಲ್ಕೂ ಟೈರಿನ ಸರಾಸರಿ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು 0.2% ಇಳಿಯುತ್ತದೆ. 8 ಪಿಎಸ್‌ಐ ಕಡಿಮೆ ಇದ್ದರೆ ನಷ್ಟ ಒಂದೂವರೆ ಪ್ರತಿಶತದ ಆಸುಪಾಸು. ಮೈಲೇಜಿಗೆ ಇದು ಸಣ್ಣದು, ಟೈರ್ ಸಿಡಿಯುವ ಅಪಾಯಕ್ಕೆ ದೊಡ್ಡದು.

ಗಾಳಿ ನೋಡಬೇಕಾದ್ದು ಟೈರ್ ತಣ್ಣಗಿದ್ದಾಗ, ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತಿದ್ದಾಗ. ಉಷ್ಣತೆ ಸುಮಾರು 6 ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರ್ 4–6 ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಆ ಹೆಚ್ಚುವರಿ ನೋಡಿ ಗಾಳಿ ಬಿಟ್ಟರೆ ಮಾರನೆಯ ಬೆಳಗ್ಗೆ ಟೈರ್ ಕಡಿಮೆ ಗಾಳಿಯಲ್ಲಿ ನಿಂತಿರುತ್ತದೆ.

ಎರಡನೆಯದು ಟೈರಿನ ಅಳತೆ. ಗಾಡಿಯ ಜೊತೆ ಬಂದದ್ದು 265/65 ಆರ್17, ಈಗ ಹಾಕಿರುವುದು 265/70 ಆರ್17 ಅಂದುಕೊಳ್ಳಿ. ಮೊದಲನೆಯದರ ವ್ಯಾಸ 776 ಮಿ.ಮೀ., ಎರಡನೆಯದರದು 803. ಅಂದರೆ ಗಾಡಿ ನಿಜವಾಗಿ 103.4 ಕಿ.ಮೀ. ಹೋದಾಗ ಓಡೋಮೀಟರ್ 100 ಎಂದು ತೋರಿಸುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು ಎನ್ನುವ ದೂರಿನಲ್ಲಿ ಒಂದು ಪಾಲು ಬರೀ ಈ ತಪ್ಪು ಎಣಿಕೆ. ಮೊಬೈಲ್ ಜಿಪಿಎಸ್‌ನಲ್ಲಿ 100 ಕಿ.ಮೀ. ಅಳೆದು, ಓಡೋಮೀಟರ್ ಜೊತೆ ಹೋಲಿಸಿ, ಗುಣಿಸಬೇಕಾದ ಸಂಖ್ಯೆಯನ್ನು ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ಉಳಿದ ಪಾಲು ನಿಜವಾದ ನಷ್ಟ. ದಪ್ಪ ಕಚ್ಚಿನ ಆಲ್-ಟೆರೇನ್ ಟೈರ್ ಹೆದ್ದಾರಿ ಟೈರಿಗಿಂತ ಭಾರವಾಗಿ ಉರುಳುತ್ತದೆ.

ಸಾಮಾನು ಕಟ್ಟುವಾಗ ನೋಡಬೇಕಾದ್ದು ಎತ್ತರವನ್ನು. ಕ್ಯಾಬಿನ್ ಮಟ್ಟಕ್ಕಿಂತ ಮೇಲೆ ಏಳುವ ಪ್ರತಿ ಪೆಟ್ಟಿಗೆಯೂ ಗಾಳಿಗೆ ಎದೆಯೊಡ್ಡುತ್ತದೆ. ಮೇಲಿನ ಕ್ಯಾರಿಯರ್ ಖಾಲಿ ಇದ್ದರೂ ಬಿಚ್ಚಿಡಿ. ಟಾರ್ಪಾಲಿನ್ ಹೊದಿಸಿದರೆ ಪಟಪಟ ಬಡಿಯದಂತೆ ಹಗ್ಗ ಬಿಗಿಯಿರಿ. ಬಡಿಯುವ ಟಾರ್ಪಾಲಿನ್ ಗಾಳಿಗೆ ತಡೆ, ಹರಿದರೆ ಹಿಂದಿನ ಗಾಡಿಗೆ ಅಪಾಯ. ಬೆಡ್‌ಗೆ ಅಳವಡಿಸುವ ಗಟ್ಟಿ ಮುಚ್ಚಳ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಮೈಲೇಜಿಗೆಂದೇ ಅದನ್ನು ಕೊಳ್ಳುವಷ್ಟಲ್ಲ.

ಬಾನೆಟ್ ಕೆಳಗೆ ಒಂದು ಭ್ರಮೆ ಬಿಡಬೇಕು. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಕಂಪ್ಯೂಟರ್ ಒಳಬಂದ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಇಂಧನ ಬಿಡುತ್ತದೆ. ಕೊಳೆ ಫಿಲ್ಟರ್ ಕಸಿದುಕೊಳ್ಳುವುದು ಮುಖ್ಯವಾಗಿ ಪಿಕಪ್ಪನ್ನು, ಅಂದರೆ ವೇಗ ಹಿಡಿಯುವ ಶಕ್ತಿಯನ್ನು. ಫಿಲ್ಟರ್ ಬದಲಿಸುವುದು ಎಂಜಿನ್ ಬಾಳಿಕೆಗೆ ಬೇಕು, ಬದಲಿಸಿ. ಎಂಜಿನ್ ಆಯಿಲ್ ಮಾತ್ರ ಕೈಪಿಡಿ ಹೇಳಿದ ಗ್ರೇಡೇ ಇರಲಿ. ಹೆಚ್ಚು ದಪ್ಪದ ಆಯಿಲ್ ಹಾಕಿದರೆ ಒಂದೆರಡು ಪ್ರತಿಶತ ಸುಮ್ಮನೆ ಹೋಗುತ್ತದೆ.

ಮೊದಲ ದಿನ: ಬಯಲು

ಬೆಳಗ್ಗೆ ಮೊದಲ ಕೆಲಸ ಫುಲ್ ಟ್ಯಾಂಕ್. ಮತ್ತೆ ಫುಲ್ ಮಾಡುವಾಗ ಹಿಡಿಯುವ ಲೀಟರೇ ನಡುವೆ ಖರ್ಚಾದ ಡೀಸೆಲ್, ಹಾಗಾಗಿ ಎರಡು ಸಲವೂ ಒಂದೇ ಮಟ್ಟಕ್ಕೆ ತುಂಬಬೇಕು. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಝಲ್ ಪೂರ್ತಿ ಒಳಗಿಟ್ಟು, ಮಧ್ಯಮ ವೇಗದಲ್ಲಿ ತುಂಬಿಸಿ, ಮೊದಲ ಸಲ ‘ಟಕ್’ ಎಂದು ತಾನಾಗಿ ನಿಂತ ಕೂಡಲೇ ಮುಗಿಸಬೇಕು. ಡೀಸೆಲ್ ನೊರೆ ಕಟ್ಟುತ್ತದೆ. ರಭಸವಾಗಿ ಬಿಟ್ಟರೆ ನೊರೆ ನಾಝಲ್ ತುದಿಯ ತೂತಿಗೆ ತಾಗಿ, ಟ್ಯಾಂಕ್ ತುಂಬುವ ಮುಂಚೆಯೇ ಪಂಪ್ ನಿಲ್ಲುತ್ತದೆ. ಇಂದು ಮೊದಲ ಟಕ್‌ಗೆ ನಿಲ್ಲಿಸಿ, ನಾಳೆ ಬಂಕಿನವರು ರೌಂಡ್ ಫಿಗರ್ ಮಾಡಲು ಇನ್ನೆರಡು ಲೀಟರ್ ತುರುಕಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಎರಡು ಲೀಟರ್ ವ್ಯತ್ಯಾಸ 60 ಲೀಟರಿನಲ್ಲಿ 3%, ಆದರೆ 20 ಲೀಟರಿನಲ್ಲಿ 10%. ಹಾಗಾಗಿ ಅರ್ಧ ಟ್ಯಾಂಕಿಗೂ ಮೊದಲೇ ತುಂಬಿಸಿ ತೆಗೆದ ಮೈಲೇಜನ್ನು ಯಾರ ಮುಂದೆಯೂ ಹೇಳದಿರುವುದು ಒಳ್ಳೆಯದು.

ನಸುಕಿನಲ್ಲಿ ತುಂಬಿಸಿದರೆ ಹೆಚ್ಚು ಡೀಸೆಲ್ ಸಿಗುತ್ತದೆ ಎಂದು ಹೇಳುವವರಿದ್ದಾರೆ. ತಣ್ಣಗಿನ ಡೀಸೆಲ್ ಕುಗ್ಗುವುದು ನಿಜ: 10 ಡಿಗ್ರಿಗೆ ಸುಮಾರು 0.8%. ಆದರೆ ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ. ಅಲ್ಲಿನ ಉಷ್ಣತೆ ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ಬದಲಾಗುವುದಿಲ್ಲ.

ಟ್ರಿಪ್ ಮೀಟರ್ ಸೊನ್ನೆ ಮಾಡಿ ಗಾಡಿ ಹೆದ್ದಾರಿ ಹತ್ತಿತು. ಇಲ್ಲಿಂದ ಮುಂದೆ ನೇರ ದಾರಿ, ಗಾಳಿ ಇಲ್ಲ. ವೇಗ ಎಷ್ಟಿಡಬೇಕು ಎಂಬುದೊಂದೇ ಪ್ರಶ್ನೆ. ಇಡೀ ಪ್ರಯಾಣದ ಮೈಲೇಜನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಇದೇ, ಹಾಗಾಗಿ ಲೆಕ್ಕ ಬಿಡಿಸಿ ನೋಡೋಣ.

ಸಮತಟ್ಟಾದ ದಾರಿಯಲ್ಲಿ ಗಾಡಿಯನ್ನು ಹಿಂದಕ್ಕೆಳೆಯುವುದು ಎರಡು: ಟೈರು ಉರುಳುವ ತಡೆ, ಗಾಳಿಯ ತಡೆ. 2,200 ಕಿಲೊ ಗಾಡಿಗೆ ಟೈರಿನ ತಡೆ ಸುಮಾರು 240 ನ್ಯೂಟನ್, ವೇಗ ಹೆಚ್ಚಿದರೂ ಅದು ಬಹಳ ಬದಲಾಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಪಿಕಪ್‌ನ ಮುಖ ಅಗಲ, ನಿಲುವು ಎತ್ತರ, ಕ್ಯಾಬಿನ್ ಹಿಂದೆ ದಿಢೀರನೆ ಕಡಿದುಹೋದ ಆಕಾರ. ಡ್ರ್ಯಾಗ್ ಗುಣಾಂಕ (ಆಕಾರ ಗಾಳಿಗೆ ಎಷ್ಟು ತಡೆಯಾಗುತ್ತದೆ ಎಂಬ ಸಂಖ್ಯೆ) 0.4ರ ಸುತ್ತಮುತ್ತ, ಮುಂಭಾಗದ ವಿಸ್ತೀರ್ಣ 3 ಚದರ ಮೀಟರಿನ ಆಚೀಚೆ ಎಂದು ಹಿಡಿದರೆ ಗಾಳಿಯ ತಡೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ಸುಮಾರು 470 ನ್ಯೂಟನ್, 110ರಲ್ಲಿ 700, 120ರಲ್ಲಿ 830. ಅಂದರೆ 90ರಲ್ಲೇ ಮೂರರಲ್ಲಿ ಎರಡು ಪಾಲು ಡೀಸೆಲ್ ಗಾಳಿ ಸೀಳಲು ಹೋಗುತ್ತಿದೆ.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ. ಚಕ್ರದವರೆಗೆ ತಲುಪುವುದು ಅದರ 30% ಎಂದಿಟ್ಟುಕೊಳ್ಳಿ. ಆಗ 90ರಲ್ಲಿ 100 ಕಿ.ಮೀ.ಗೆ 6.5 ಲೀಟರ್, 110ರಲ್ಲಿ 8.7, 120ರಲ್ಲಿ 9.9. ಎಸಿ, ಆಲ್ಟರ್ನೇಟರ್, ಓವರ್‌ಟೇಕ್ ಎಲ್ಲ ಸೇರಿ ರಸ್ತೆಯಲ್ಲಿ ಅಂಕಿ ಇನ್ನೂ ಏರುತ್ತದೆ. ಮುಖ್ಯವಾದದ್ದು ಅಂತರ. 500 ಕಿ.ಮೀ. ದಾರಿಯಲ್ಲಿ 90ರ ಬದಲು 110ರಲ್ಲಿ ಹೋದರೆ ಉಳಿಯುವುದು ಒಂದು ಗಂಟೆ, ಖರ್ಚಾಗುವುದು ಸುಮಾರು 11 ಲೀಟರ್ ಹೆಚ್ಚುವರಿ. ಆ ಒಂದು ಗಂಟೆ ಬೇಕೋ ಬೇಡವೋ ಎಂಬುದು ಓಡಿಸುವವರ ಇಷ್ಟ. ಆದರೆ 110–120ರಲ್ಲಿ ಓಡಿಸಿ, ಕಂಪನಿ ಹೇಳಿದ ಮೈಲೇಜ್ ಬರಲಿಲ್ಲ ಎಂದರೆ ಅದರಲ್ಲಿ ಗಾಡಿಯ ತಪ್ಪಿಲ್ಲ.

ಇದೇ ಲೆಕ್ಕದಲ್ಲಿ ತೂಕದ ಪಾತ್ರವನ್ನೂ ನೋಡಬಹುದು. 100 ಕಿಲೊ ಹೆಚ್ಚಾದರೆ ಟೈರಿನ ತಡೆ ಏರುವುದು 11 ನ್ಯೂಟನ್ ಮಾತ್ರ, 90ರಲ್ಲಿ ಒಟ್ಟು ತಡೆಯ 1.5%. ಸಮತಟ್ಟಾದ ಹೆದ್ದಾರಿಯಲ್ಲಿ ಬೆಡ್ ಒಳಗೆ ಅಡಗಿದ 100 ಕಿಲೊಗಿಂತ ಕ್ಯಾಬಿನ್ ಮೇಲೆ ಕಟ್ಟಿದ 10 ಕಿಲೊ ತೂಕದ ಅಗಲವಾದ ಪೆಟ್ಟಿಗೆ ದುಬಾರಿ. ಮೂರನೆಯ ದಿನ, ಘಾಟಿಯಲ್ಲಿ, ಈ ಮಾತು ತಿರುಗುಮುರುಗಾಗುತ್ತದೆ.

ಬಯಲಿನಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಬಿಡಿ. ಕಾಲು ಗೊತ್ತಿಲ್ಲದೆ 90ರಿಂದ 105ಕ್ಕೆ ಜಾರುವುದನ್ನು ಅದು ತಡೆಯುತ್ತದೆ. ಫೋರ್ ವೀಲ್ ಲಿವರ್ 2ಎಚ್‌ನಲ್ಲೇ, ಅಂದರೆ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನದಲ್ಲೇ ಇರಲಿ. ಪಾರ್ಟ್-ಟೈಮ್ ಫೋರ್ ವೀಲ್ ಗಾಡಿಯನ್ನು ಒಣ ಡಾಂಬರಿನ ಮೇಲೆ 4ಎಚ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂತೆ) ಓಡಿಸಿದರೆ ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡುತ್ತವೆ. ಡೀಸೆಲ್ ಜೊತೆಗೆ ಟೈರು, ಟ್ರಾನ್ಸ್‌ಫರ್ ಕೇಸು ಎರಡೂ ಸವೆಯುತ್ತವೆ.

ಎರಡನೆಯ ದಿನ: ಗಾಳಿ

ಹೊತ್ತೇರುತ್ತಿದ್ದಂತೆ ಎದುರುಗಾಳಿ ಎದ್ದಿತು. ರಸ್ತೆಬದಿಯ ಹುಲ್ಲು ಗಾಡಿಯ ಕಡೆಗೇ ಬಾಗಿದೆ. ಸ್ಪೀಡೋಮೀಟರ್ 90 ತೋರಿಸುತ್ತದೆ, ಆದರೆ 20 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಬಾನೆಟ್ ಎದುರಿಸುತ್ತಿರುವುದು 110ರ ಗಾಳಿಯನ್ನು. ಹಾಗಾಗಿ ಒಟ್ಟು ತಡೆ ಮೂರನೇ ಒಂದರಷ್ಟು ಏರಿತು. ದಾರಿ ಅದೇ, ವೇಗ ಅದೇ, ಮೈಲೇಜ್ ಮಾತ್ರ ಕಾಲು ಭಾಗ ಕಡಿಮೆ. ಹಿಂಗಾಳಿಯಾಗಿ ಅದೇ 20 ಸಿಕ್ಕಿದ್ದರೆ ಉಳಿತಾಯ ಸುಮಾರು 26%. ಹೋಗುವಾಗ ಎದುರು, ಬರುವಾಗ ಹಿಂದಿನಿಂದ ಬಂದರೂ ಎರಡೂ ಸರಿತೂಗುವುದಿಲ್ಲ. ವೇಗದ ವರ್ಗದ ಲೆಕ್ಕವಾದ್ದರಿಂದ ಕಳೆದದ್ದೇ ಹೆಚ್ಚು, ಪಡೆದದ್ದು ಕಡಿಮೆ. ಅಡ್ಡಗಾಳಿಯೂ ಪಿಕಪ್‌ಗೆ ನಷ್ಟವೇ. ಓರೆಯಾಗಿ ಬಂದ ಗಾಳಿಗೆ ಕ್ಯಾಬಿನ್ ಮತ್ತು ಬೆಡ್ ನಡುವಿನ ಹಂತ ಇನ್ನಷ್ಟು ತಡೆಯಾಗುತ್ತದೆ.

ಇಂಥ ದಿನ ಮಾಡಬಹುದಾದ್ದು ಒಂದೇ, ವೇಗ ಇಳಿಸುವುದು. 90ರಿಂದ 80ಕ್ಕೆ ಬಂದರೆ ಬಾನೆಟ್ ಮುಂದಿನ ಗಾಳಿ 110ರಿಂದ 100ಕ್ಕೆ ಇಳಿಯುತ್ತದೆ, ಗಾಳಿಯ ತಡೆ 17% ಕಡಿಮೆ. ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಡೀಸೆಲ್ ಉಳಿಯುತ್ತದೆ ಎನ್ನುತ್ತಾರೆ. ಉಳಿಯುತ್ತದೆ ನಿಜ. ಆದರೆ ಉಳಿಸುವಷ್ಟು ಹತ್ತಿರದಲ್ಲಿ ಲಾರಿ ಬ್ರೇಕ್ ಹಾಕಿದರೆ ನಿಲ್ಲಲು ಜಾಗವಿರುವುದಿಲ್ಲ. ಮಾಡಬೇಡಿ.

ಬೆಡ್‌ನ ಹಿಂಬಾಗಿಲಾದ ಟೇಲ್‌ಗೇಟ್ ಇಳಿಸಿದರೆ ಗಾಳಿ ಸಲೀಸಾಗಿ ಹೊರಹೋಗುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಡಿಸಿ ಹೇಳಬೇಕು, ಏಕೆಂದರೆ ಎದುರುಗಾಳಿ ಬಂದಾಗಲೇ ಜನ ಅದಕ್ಕೆ ಕೈ ಹಾಕುತ್ತಾರೆ. ಟೇಲ್‌ಗೇಟ್ ಮುಚ್ಚಿದ್ದಾಗ ಬೆಡ್ ಒಳಗೆ ಗಾಳಿಯ ಒಂದು ಸುಳಿ ನಿಂತಲ್ಲೇ ತಿರುಗುತ್ತಿರುತ್ತದೆ. ಕ್ಯಾಬಿನ್ ಮೇಲಿಂದ ಬಂದ ಗಾಳಿ ಆ ಸುಳಿಯ ಬೆನ್ನ ಮೇಲೆ ಜಾರಿ ಟೇಲ್‌ಗೇಟ್ ದಾಟಿ ಹೋಗುತ್ತದೆ. ಗೇಟ್ ಇಳಿಸಿದರೆ ಸುಳಿ ಒಡೆಯುತ್ತದೆ, ಮೇಲಿನ ಗಾಳಿ ಕ್ಯಾಬಿನ್ ಹಿಂದೆಯೇ ಕೆಳಗೆ ಕುಸಿದು ಗಾಡಿಯನ್ನು ಹಿಂದಕ್ಕೆಳೆಯುತ್ತದೆ. ಜಾಲರಿ ಗೇಟ್ ಹಾಕಿಸಿದರೂ ಇದೇ ಕಥೆ. ಗೇಟ್ ಮುಚ್ಚಿಯೇ ಇರಲಿ.

ಮಧ್ಯಾಹ್ನ ಬಿಸಿಲೇರಿದಾಗ ಎಸಿ. ಕ್ಯಾಬಿನ್ ಒಮ್ಮೆ ತಣ್ಣಗಾದ ಮೇಲೆ ಕಂಪ್ರೆಸರ್ ಸರಾಸರಿ 1 ಕಿಲೋವಾಟ್ ಎಳೆದರೆ, 90ರಲ್ಲಿ ಓಡಲು ಬೇಕಾದ ಸುಮಾರು 18 ಕಿಲೋವಾಟ್ ಮುಂದೆ ಅದು 5–6%. ಹೆದ್ದಾರಿ ವೇಗದಲ್ಲಿ ಕಿಟಕಿ ತೆರೆದರೂ ಗಾಳಿಯ ತಡೆ ಏರುತ್ತದೆ, ಜೊತೆಗೆ ಸದ್ದು, ಧೂಳು. ಹೊರಟ ಮೊದಲ ಎರಡು ನಿಮಿಷ ಕಿಟಕಿ ತೆಗೆದು ಬಿಸಿ ಗಾಳಿ ಹೊರಹಾಕಿ, ಆಮೇಲೆ ಮುಚ್ಚಿ ರೀಸರ್ಕ್ಯುಲೇಶನ್‌ನಲ್ಲಿ ಎಸಿ ಹಾಕುವುದು ಸರಿಯಾದ ಕ್ರಮ.

ಮೂರನೆಯ ದಿನ: ಘಾಟಿ

ದಾರಿ 1,000 ಮೀಟರ್ ಎತ್ತರಕ್ಕೆ ಏರುತ್ತದೆ. ಇಲ್ಲಿ ವೇಗ ಕಡಿಮೆ, ಗಾಳಿಯ ತಡೆ ಬಹುಪಾಲು ಮರೆತುಬಿಡಬಹುದು. ಈಗ ಮಾತು ಪೂರ್ತಿ ತೂಕದ್ದು. 2,200 ಕಿಲೊವನ್ನು 1,000 ಮೀಟರ್ ಎತ್ತಲು 21.6 ಮೆಗಾಜೂಲ್ ಬೇಕು, ಅಂದರೆ ಸಾಮಾನ್ಯ ಖರ್ಚಿನ ಮೇಲೆ ಸುಮಾರು 2 ಲೀಟರ್ ಡೀಸೆಲ್. ಪೂರ್ತಿ ಲೋಡಾಗಿ 3,000 ಕಿಲೊ ಇದ್ದರೆ 2.7 ಲೀಟರ್. ಏರಿನಲ್ಲಿ ಎಂಜಿನ್ ಒಳ್ಳೆಯ ಹೊರೆಯ ಮೇಲೆ ದುಡಿಯುವುದರಿಂದ ಡೀಸೆಲ್ ಸ್ವಲ್ಪ ಹೆಚ್ಚು ದಕ್ಷವಾಗಿ ಉರಿಯುತ್ತದೆ, ನಿಜವಾದ ಖರ್ಚು ಇದಕ್ಕಿಂತ ತುಸು ಕಡಿಮೆ ಬರುತ್ತದೆ.

ಕ್ರೂಸ್ ಕಂಟ್ರೋಲ್ ಇಲ್ಲಿ ತೆಗೆಯಿರಿ. ಹೇಳಿದ ವೇಗ ಬಿಡಬಾರದೆಂದು ಅದು ಏರಿನಲ್ಲಿ ಎರಡು ಗೇರ್ ಇಳಿಸಿ ಎಂಜಿನ್ ಕೂಗಿಸುತ್ತದೆ. ಏರು ಶುರುವಾಗುವ ಮೊದಲೇ ಸ್ವಲ್ಪ ವೇಗ ಹಿಡಿದು, ಮೇಲೆ ಹೋಗುತ್ತ 8–10 ಕಿ.ಮೀ. ಇಳಿಯಲು ಬಿಟ್ಟು, ನೆತ್ತಿ ದಾಟುವ ಮುಂಚೆ ಕಾಲು ಹಗುರ ಮಾಡಬೇಕು. ಐದು-ಆರನೇ ಗೇರ್ ನಡುವೆ ಗಾಡಿ ಹಿಂದೆಮುಂದೆ ಆಡುತ್ತಿದ್ದರೆ ಮ್ಯಾನ್ಯುಯಲ್ ಮೋಡ್‌ನಲ್ಲಿ ಐದಕ್ಕೆ ಕಟ್ಟಿಹಾಕಿ. ಪ್ರತಿ ಸಲ ಗೇರ್ ಬದಲಾದಾಗಲೂ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಬಿಟ್ಟು ಜಾರುತ್ತದೆ, ಆ ಜಾರಿಕೆ ಗೇರ್ ಆಯಿಲ್‌ಗೆ ಬಿಸಿಯಾಗಿ ಹೋಗುತ್ತದೆ.

ಇಳಿಯುವಾಗ ನ್ಯೂಟ್ರಲ್ ಹಾಕುವ ಅಭ್ಯಾಸ ಇನ್ನೂ ಇದೆ. ಇದು ಅಪಾಯವೂ ಹೌದು, ನಷ್ಟವೂ ಹೌದು. ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಎಂಜಿನ್ ಇಂಜೆಕ್ಷನ್ ಪೂರ್ತಿ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಆಗಿ ಡೀಸೆಲ್ ಕುಡಿಯುತ್ತಲೇ ಇರುತ್ತದೆ, ಬ್ರೇಕ್ ಒಂದರ ಮೇಲೆಯೇ ಇಡೀ ಭಾರ ಬೀಳುತ್ತದೆ.

ಹತ್ತಿದ ಖರ್ಚು ಇಳಿಯುವಾಗ ವಾಪಸು ಬರುತ್ತದೆಯೇ? ಅದು ಇಳಿಜಾರಿನ ಕಡಿದಿನ ಮೇಲೆ ನಿಂತಿದೆ. 60ರ ವೇಗದಲ್ಲಿ ಈ ಗಾಡಿಯ ಒಟ್ಟು ತಡೆ ಸುಮಾರು 445 ನ್ಯೂಟನ್, ಅಂದರೆ 2% ಇಳಿಜಾರಿಗೆ ಸಮ. ಅಷ್ಟು ಮೆಲ್ಲನೆಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ, ಡೀಸೆಲ್ ಸುಡದೆ 50 ಕಿ.ಮೀ. ಇಳಿದುಬಿಡಬಹುದು. ಅದೇ 1,000 ಮೀಟರನ್ನು 6% ಇಳಿಜಾರಿನಲ್ಲಿ ಇಳಿದರೆ ದಾರಿ 17 ಕಿ.ಮೀ. ಮಾತ್ರ. ಗುರುತ್ವ ಕೊಟ್ಟ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲನ್ನು ಎಂಜಿನ್ ಬ್ರೇಕಿಂಗೂ ಬ್ರೇಕ್ ಡಿಸ್ಕೂ ಬಿಸಿಯಾಗಿ ನುಂಗುತ್ತವೆ. ಹತ್ತುವಾಗ ಹೋದ 2 ಲೀಟರಿನಲ್ಲಿ ಕೈಗೆ ಬರುವುದು 0.7 ಲೀಟರ್. ಉದ್ದ ಸುತ್ತಿನ ಮೆಲ್ಲನೆಯ ದಾರಿ ಕೆಲವೊಮ್ಮೆ ಅಗ್ಗವಾಗುವುದು ಇದರಿಂದಲೇ.

ನಾಲ್ಕನೆಯ ದಿನ: ಪೇಟೆ

ಹೆಚ್ಚು ಹೇಳುವುದಿಲ್ಲ. ನಿಂತು ಹೊರಡುವ ಓಟದಲ್ಲಿ ತೂಕವೂ ಬ್ರೇಕೂ ಡೀಸೆಲ್ ತಿನ್ನುತ್ತವೆ, ಈ ದಿನದ ಅಂಕಿಯನ್ನು ಹೆದ್ದಾರಿ ಅಂಕಿಯೊಂದಿಗೆ ಬೆರೆಸಬೇಡಿ.

ಒಂದು ವಿಷಯ ಮಾತ್ರ ಗಮನಿಸಬೇಕು. ನಿಲ್ಲಿಸಿದಾಗ ಐಡಲ್ ಆರ್‌ಪಿಎಂ ಎಂದಿಗಿಂತ ಮೇಲಿದೆ, ಬಿಸಿ ಲೋಹದ ವಾಸನೆ, ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತದೆ ಎಂದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನೊಳಗಿನ ಮಸಿಯನ್ನು ಸುಡುತ್ತಿದೆ. ಕೆಲವು ನೂರು ಕಿ.ಮೀ.ಗೊಮ್ಮೆ ಇದು ನಡೆಯುತ್ತದೆ, ಅದಕ್ಕೆಂದು ಹೆಚ್ಚುವರಿ ಡೀಸೆಲ್ ಹೋಗುತ್ತದೆ. ಮಧ್ಯದಲ್ಲಿ ಎಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಬಿಸಿಯೇರಬೇಕು. ಹೆದ್ದಾರಿಗೆ ಹತ್ತಿ 15–20 ನಿಮಿಷ ಒಂದೇ ವೇಗದಲ್ಲಿ ಓಡಿಸಿ ಮುಗಿಸಿಕೊಳ್ಳಿ.

ಐದನೆಯ ದಿನ: ಹಿಂದೆ ಟ್ರೇಲರ್

1,200 ಕಿಲೊ ತೂಕದ, ಕ್ಯಾಬಿನ್‌ಗಿಂತ ಎತ್ತರದ ಪೆಟ್ಟಿಗೆ ಟ್ರೇಲರ್. ಇಲ್ಲಿಯೂ ತೂಕಕ್ಕಿಂತ ಎತ್ತರದ್ದೇ ಪೆಟ್ಟು. ಟ್ರೇಲರ್‌ನಿಂದ ಗಾಳಿಯ ತಡೆ ಎರಡರಷ್ಟಾದರೆ 90ರಲ್ಲಿ ಒಟ್ಟು ತಡೆ 1,300 ನ್ಯೂಟನ್, ಮೊದಲ ದಿನದ 1.85 ಪಟ್ಟು. ಅದರಲ್ಲಿ ಟ್ರೇಲರ್ ತೂಕದ ಪಾಲು ಬರೀ 130 ನ್ಯೂಟನ್. 80ಕ್ಕೆ ಇಳಿಸಿದರೆ ಒಟ್ಟು 1,110ಕ್ಕೆ ಬರುತ್ತದೆ. ಅಷ್ಟೇ ತೂಕವನ್ನು ಕ್ಯಾಬಿನ್ ಮರೆಯಲ್ಲಿ ನಿಲ್ಲುವ ತಗ್ಗು ಟ್ರೇಲರ್‌ನಲ್ಲಿ ಹೇರಿದರೆ ಬಹಳಷ್ಟು ಉಳಿಯುತ್ತದೆ. ಬಾಡಿಗೆಗೆ ತರುವಾಗ ಎರಡೂ ಸಿಗುವಂತಿದ್ದರೆ ತಗ್ಗಿನದನ್ನೇ ಆರಿಸಿ.

ಹಿಚ್ (ಟ್ರೇಲರ್ ಕೊಂಡಿ) ಮೇಲೆ ಭಾರ ಹೆಚ್ಚಾಗಿ ಹಿಂಬದಿ ಕುಸಿದರೆ ಬಾನೆಟ್ ಮೇಲೇಳುತ್ತದೆ, ಗಾಡಿಯ ಹೊಟ್ಟೆಯಡಿ ಗಾಳಿ ನುಗ್ಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಟೋ ಮೋಡ್ ಇದ್ದರೆ ಹಾಕಿ. ಅದು ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಪೇಚಾಡುವ ಆರನೆಯ ಗೇರಿಗಿಂತ ನೆಮ್ಮದಿಯ ಐದನೆಯ ಗೇರ್ ಕಡಿಮೆ ಕುಡಿಯುತ್ತದೆ. ಟ್ರೇಲರ್ ಟೈರಿನ ಗಾಳಿಯನ್ನು ಬಹಳ ಜನ ನೋಡುವುದೇ ಇಲ್ಲ. ಅದನ್ನೂ ತಣ್ಣಗಿದ್ದಾಗ ನೋಡಿ.

ಕೊನೆಯ ದಿನ: ಕೂಡಿಸುವುದು

ಹೊರಟ ಬಂಕಿನಲ್ಲೇ, ಸಾಧ್ಯವಾದರೆ ಅದೇ ಪಂಪ್‌ನಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ತುಂಬಿಸಿ. ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು, ಪ್ರತಿ ಟ್ಯಾಂಕಿನ ಮೈಲೇಜ್ ತೆಗೆದು ಅದರ ಸರಾಸರಿ ಹಿಡಿಯಬಾರದು. 600 ಕಿ.ಮೀ.ಗೆ 50 ಲೀಟರ್ ಅಂದರೆ 12, 300 ಕಿ.ಮೀ.ಗೆ 30 ಲೀಟರ್ ಅಂದರೆ 10. ಸರಾಸರಿ 11 ಅಲ್ಲ, 900ನ್ನು 80ರಿಂದ ಭಾಗಿಸಿದ 11.25. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬ ಅಂದಾಜಿನಿಂದ ಬಂದದ್ದು, ಹೆಚ್ಚಾಗಿ ಸ್ವಲ್ಪ ಉದಾರ. ಪೆಟ್ರೋಲ್ ಪಿಕಪ್ ಆಗಿದ್ದರೆ ಎಥನಾಲ್ ಬೆರಕೆಯನ್ನೂ ಬರೆದಿಡಿ. 10% ಬೆರಕೆಯಲ್ಲಿ ಲೀಟರಿಗೆ ಸುಮಾರು 3% ಶಕ್ತಿ ಕಡಿಮೆ, 20% ಬೆರಕೆಯಲ್ಲಿ 6–7%.

ವೇಗ, ಗಾಳಿ, ಘಾಟಿ, ಟ್ರೇಲರ್ ಎಲ್ಲ ಕಳೆದ ಮೇಲೂ ಬಯಲಿನ ಅಂಕಿ ಹಳೆಯದಕ್ಕಿಂತ 10% ಕಡಿಮೆ ಇದ್ದರೆ ಗಾಡಿಯಲ್ಲೇ ಏನೋ ಇದೆ. ಮೊದಲ ಅನುಮಾನ ಬ್ರೇಕ್ ಜಾಮ್. ಹೆದ್ದಾರಿಯಿಂದ ಇಳಿದು, ಬ್ರೇಕ್ ಆದಷ್ಟು ಕಡಿಮೆ ಹಾಕಿ ಗಾಡಿ ನಿಲ್ಲಿಸಿ. ಅಂಗೈ ಹಿಂಬದಿಯನ್ನು ಪ್ರತಿ ರಿಮ್ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಎಡ-ಬಲದ ಜೋಡಿಯಲ್ಲಿ ಒಂದು ಕಡೆ ಕಾವು ಎದ್ದು ಕಂಡರೆ ಆ ಚಕ್ರ ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಿ. ಬಹಳ ಸಲ ಕ್ಯಾಲಿಪರ್‌ನ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗದ) ಜಾರುವ ಪಿನ್ನಿನ ರಬ್ಬರ್ ಹರಿದು, ಒಳಗೆ ನೀರು ಹೋಗಿ, ಪಿನ್ ತುಕ್ಕು ಹಿಡಿದಿರುತ್ತದೆ. ಪಿನ್ ಬಿಚ್ಚಿ, ತುಕ್ಕು ಉಜ್ಜಿ, ಬ್ರೇಕಿಗೆಂದೇ ಇರುವ ಗ್ರೀಸ್ ಸವರಿ, ರಬ್ಬರ್ ಹೊಸದು ಹಾಕಿದರೆ ಸಾಕಾಗುತ್ತದೆ. ಪಿನ್ ಚೆನ್ನಾಗಿದ್ದೂ ಚಕ್ರ ಹಿಡಿಯುತ್ತಿದ್ದರೆ ಬ್ರೇಕ್ ಹೋಸ್ ಒಳಗೆ ಊದಿಕೊಂಡು ಒತ್ತಡ ವಾಪಸು ಬಿಡುತ್ತಿಲ್ಲವೇ, ಹ್ಯಾಂಡ್‌ಬ್ರೇಕ್ ಕೇಬಲ್ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು.

ಎರಡನೆಯದು ಥರ್ಮೋಸ್ಟಾಟ್, ಅಂದರೆ ರೇಡಿಯೇಟರಿಗೆ ಕೂಲಂಟ್ ಹೋಗುವುದನ್ನು ನಿಯಂತ್ರಿಸುವ ವಾಲ್ವ್. ಅದು ತೆರೆದೇ ಉಳಿದರೆ ಹೆದ್ದಾರಿ ಗಾಳಿಗೆ ಎಂಜಿನ್ ಬಿಸಿಯೇರುವುದಿಲ್ಲ, ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಂಧನ ಹೆಚ್ಚು ಬಿಡುತ್ತದೆ. ಒಬಿಡಿ ರೀಡರ್‌ನಲ್ಲಿ (ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಸಾಧನದಲ್ಲಿ) ಕೂಲಂಟ್ 85–95 ಡಿಗ್ರಿಯ ಬದಲು 65–70ರಲ್ಲೇ ಅಡ್ಡಾಡುತ್ತಿದ್ದರೆ ಅದೇ ಕಾರಣ.

ಮೂರನೆಯದು ಟಾರ್ಕ್ ಕನ್ವರ್ಟರ್ ಲಾಕ್. ಹಿಂದೆ ಯಾವ ಗಾಡಿಯೂ ಇಲ್ಲದ ಸಮತಟ್ಟಾದ ದಾರಿಯಲ್ಲಿ 80–90ರಲ್ಲಿ ಆಕ್ಸಿಲರೇಟರ್ ಸ್ಥಿರವಾಗಿಟ್ಟು, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿ. ಲಾಕ್ ಬಿಟ್ಟುಕೊಂಡು ಆರ್‌ಪಿಎಂ 200–300 ಏರಬೇಕು, ಪೆಡಲ್ ಬಿಟ್ಟ ಕೆಲ ಸೆಕೆಂಡಿನಲ್ಲಿ ಮತ್ತೆ ಇಳಿಯಬೇಕು. ಮುಟ್ಟಿದರೂ ಬಿಟ್ಟರೂ ಮುಳ್ಳು ಅಲುಗದಿದ್ದರೆ ಲಾಕ್ ಆಗುತ್ತಲೇ ಇಲ್ಲ. ಆಗ ಮೊದಲು ಗೇರ್ ಆಯಿಲ್‌ನ ಮಟ್ಟ ಮತ್ತು ಬಣ್ಣ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಮುಂದಿನ ಲಾಂಗ್ ಟ್ರಿಪ್‌ಗೂ ಮೊದಲು, ಅದರಲ್ಲೂ ಟ್ರೇಲರ್ ಕಟ್ಟುವ ಮೊದಲು, ಗೇರ್‌ಬಾಕ್ಸ್ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.